ಮರದ ಪುಡಿ ಇರುವ ಕಡೆ ಕಾಯಿಲ್ ಹೀಟರ್ ಬೇಡ

ಪ್ರಶ್ನೆ: ಯಲಹಂಕದ ನಮ್ಮ ಮನೆಯ ಕಾರ್ ಶೆಡ್ಡಿನಲ್ಲೇ ಬಿಡುವಿನಲ್ಲಿ ಮರಗೆಲಸ ಮಾಡುತ್ತೇನೆ. ಡಿಸೆಂಬರ್ ಬೆಳಗ್ಗೆ ಕೈ ಮರಗಟ್ಟುತ್ತೆ. 2000 ವ್ಯಾಟ್ ಕಾಯಿಲ್ ಹೀಟರ್ ಇಡಬಹುದಾ? ಶಟರ್ ಅರ್ಧ ತೆರೆದೇ ಇರುತ್ತೆ.

ಉತ್ತರ: ಇಡಬೇಡಿ. ಚಳಿ ಶುರುವಾದರೆ ಸಾಕು, ಇದೇ ಪ್ರಶ್ನೆ ಬರುತ್ತದೆ. ಜೊತೆಗೆ ಶಟರ್ ತೆರೆದಿದೆ ಅನ್ನೋ ಸಮಾಧಾನ ಬೇರೆ. ಶಟರ್ ತೆರೆದರೆ ಕೆಂಪಗೆ ಕಾದ ಕಾಯಿಲ್ ಏನೂ ತಣ್ಣಗಾಗಲ್ಲ.

ವರ್ಷದಲ್ಲಿ ಮೊದಲ ಸಲ ಹೀಟರ್ ಹಾಕಿದಾಗ ಸುಟ್ಟ ವಾಸನೆ ಬರುತ್ತೆ ಅಲ್ವಾ? ಅದು ಕಾಯಿಲ್ ಮೇಲೆ ಕೂತ ಧೂಳು ಸುಡುವ ವಾಸನೆ. ಮನೆಯಲ್ಲಿ ಅದು ಚಿಟಿಕೆಯಷ್ಟು. ನಿಮ್ಮ ಶೆಡ್ಡಿನ ಟ್ಯೂಬ್‌ಲೈಟ್ ಮೇಲೆ ಒಮ್ಮೆ ಬೆರಳಾಡಿಸಿ ನೋಡಿ. ಸ್ಯಾಂಡರ್‌ನಿಂದ ಎದ್ದ ಆ ನುಣುಪು ಪುಡಿ ಹೀಟರ್ ಒಳಗೂ ಹೋಗಿ ಕೂರುತ್ತದೆ.

ಪುಡಿಗಿಂತ ನನಗೆ ಜಾಸ್ತಿ ಭಯ ಪಾಲಿಶ್ ತೆಳುವಾಗಿಸಲು ಬೆರೆಸುವ ಥಿನ್ನರ್‌ದು. ಅದರ ಆವಿ ಗಾಳಿಗಿಂತ ಭಾರ. ಮೇಲೇರಿ ಹೋಗುವುದಿಲ್ಲ, ನೆಲದ ಮೇಲೇ ಹರಿಯುತ್ತದೆ. ಹೀಟರ್ ಇಡುವುದೂ ನೆಲದ ಮೇಲೇ. ಪಾಲಿಶ್ ಮಾಡುವ ದಿನ ಯಾವ ಹೀಟರೂ ಬೇಡ. ಥರ್ಮೋಸ್ಟಾಟ್ ಆನ್-ಆಫ್ ಆಗುವಾಗಿನ ಸಣ್ಣ ಕಿಡಿಯೂ ಆ ಆವಿ ಹೊತ್ತಿಕೊಳ್ಳಲು ಸಾಕು.

ಬೇಕೇ ಬೇಕು ಅಂದರೆ ಎಣ್ಣೆ ತುಂಬಿದ ರೇಡಿಯೇಟರ್ ಹೀಟರ್ ತನ್ನಿ. ಅದರಲ್ಲಿ ಕಾದ ಕಾಯಿಲ್ ಹೊರಗೆ ತೆರೆದಿರುವುದಿಲ್ಲ. ಹಿಂದಿನ ಸಂಜೆಯೇ ಪುಡಿ ಗುಡಿಸಿ, ಹೀಟರ್ ಒರೆಸಿಡಿ. ಬೆಳಗ್ಗೆ ಕೆಲಸಕ್ಕೆ ಅರ್ಧ ಗಂಟೆ ಮೊದಲು ಹಾಕಿ, ಮೆಷಿನ್ ಶುರು ಮಾಡುವ ಮುಂಚೆ ಆಫ್ ಮಾಡಿ ಪ್ಲಗ್ ಕಿತ್ತುಬಿಡಿ. 2000 ವ್ಯಾಟ್ ಅಂದರೆ ಸುಮಾರು 9 ಆಂಪ್ಸ್. ಅರ್ಥಿಂಗ್ ಇರುವ 16 ಆಂಪ್ಸ್ ಸಾಕೆಟ್‌ಗೇ ನೇರವಾಗಿ ಹಾಕಿ. 6 ಆಂಪ್ಸ್ ಎಕ್ಸ್‌ಟೆನ್ಶನ್ ಬಾಕ್ಸ್ ಕರಗಿಹೋಗಬಹುದು.

ನನ್ನ ಶೆಡ್ಡಿನಲ್ಲಿ ಹೀಟರ್ರೇ ಇಲ್ಲ. ಮೈಗೆ ಅಂಟಿದ ಸ್ವೆಟರ್ ಹಾಕಿಕೊಂಡು, ಬಿಸಿಲು ಬಂದ ಮೇಲೆ ಮೆಷಿನ್ ಮುಟ್ಟುತ್ತೇನೆ. ಶಾಲು, ಮಫ್ಲರ್, ಉಲ್ಲನ್ ಗ್ಲೌಸ್ ಮಾತ್ರ ತಿರುಗುವ ಬ್ಲೇಡ್ ಹತ್ತಿರ ತರಲೇಬೇಡಿ.

ಪ್ರಶ್ನೆ: ಫ್ಯಾನ್ ಇರುವ ಬ್ಲೋವರ್ ಹೀಟರ್ ಸೇಫ್ ಅಂತ ಅಂಗಡಿಯವರು ಹೇಳಿದರು.

ಉತ್ತರ: ಮಾರುವವರು ಹೇಳುತ್ತಾರೆ. ಅದು ಪುಡಿಯನ್ನು ಎಳೆದು ಕಾಯಿಲ್‌ಗೇ ಉಣಿಸುತ್ತದೆ.

ಪ್ರಶ್ನೆ: ಶಟರ್ ಮುಚ್ಚಿ ಅಗ್ಗಿಷ್ಟಿಕೆಯಲ್ಲಿ ಇದ್ದಿಲು ಹಾಕಿದರೆ?

ಉತ್ತರ: ಬೇಡವೇ ಬೇಡ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಸುಮ್ನೆ ಪ್ರಾಣ ಹೋಗುತ್ತೆ.

ಪ್ರಶ್ನೆ: ಚಳಿಗೆ ಫೆವಿಕಾಲ್ ಹಿಡಿಯಲ್ಲವಂತೆ, ನಿಜವಾ?

ಉತ್ತರ: ತೀರಾ ತಣ್ಣಗಾದರೆ ಬಿಳಿ ಅಂಟು ಸುಣ್ಣದ ಪುಡಿಯ ಹಾಗೆ ಒಣಗಿ ಬಲ ಕಳೆದುಕೊಳ್ಳುವುದು ನಿಜ. ಆದರೆ ಬೆಂಗಳೂರು ಅಷ್ಟು ತಣ್ಣಗಾಗುವುದು ತೀರಾ ಅಪರೂಪ. ಊರಿನ ದಾಖಲೆಯೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ರಾತ್ರಿ ಡಬ್ಬಿಯನ್ನು ಮನೆಯೊಳಗೆ ಇಡಿ, ಕ್ಲ್ಯಾಂಪ್ ಇನ್ನೊಂದೆರಡು ಗಂಟೆ ಹೆಚ್ಚಿಗೆ ಬಿಡಿ.