ನೇತ್ರಮಸೂರ ಬದಲಿಸಿದರೆ ಮೈಟೋಕಾಂಡ್ರಿಯಾ ಕಾಣುತ್ತದೆಯೇ?

ಶಾಲೆಯ ಸೂಕ್ಷ್ಮದರ್ಶಕದಲ್ಲಿ ಈರುಳ್ಳಿಯ ಪೊರೆ ನೋಡಿದಾಗ ಕೋಶಭಿತ್ತಿಯೂ ಕೋಶಕೇಂದ್ರವೂ ಕಂಡವು, ಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾ ಮಾತ್ರ ಕಾಣಲಿಲ್ಲ, ಕಣ್ಣಿಡುವ ಕಡೆಯ 10 ಪಟ್ಟಿನ ನೇತ್ರಮಸೂರ ತೆಗೆದು 15 ಪಟ್ಟಿನದು ಹಾಕಿದರೆ ಕಾಣಬಹುದೇ ಎಂದು ಕೇಳಿದ್ದೀರಿ. ಕಾಣುವುದಿಲ್ಲ, ಆ ಹಣವನ್ನು ಉಳಿಸಿಕೊಳ್ಳಿ. ಶಿಡ್ಲಘಟ್ಟದ ಕಡೆ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವ ನನಗೆ ಪ್ರತಿವರ್ಷವೂ ಈ ಪ್ರಶ್ನೆ ಎದುರಾಗುತ್ತದೆ.

ನೇತ್ರಮಸೂರವು, ನೋಡುವ ವಸ್ತುವಿನ ಸಮೀಪದಲ್ಲಿರುವ ವಸ್ತುಮಸೂರ ಮೂಡಿಸಿದ ಬಿಂಬವನ್ನು ಹಿಗ್ಗಿಸುತ್ತದೆಯೇ ಹೊರತು ಆ ಬಿಂಬದಲ್ಲಿ ಇಲ್ಲದ ವಿವರವನ್ನು ತಂದುಕೊಡಲಾರದು. ಒತ್ತಾಗಿರುವ ಎರಡು ಚುಕ್ಕೆಗಳನ್ನು ಎರಡಾಗಿಯೇ ತೋರಿಸುವ ಪೃಥಕ್ಕರಣ ಸಾಮರ್ಥ್ಯಕ್ಕೆ ಬೆಳಕಿನ ತರಂಗದೂರವೇ ಎಲ್ಲೆ ಹಾಕುತ್ತದೆ ಎಂಬುದನ್ನು ಜರ್ಮನಿಯ ಭೌತವಿಜ್ಞಾನಿ ಅರ್ನ್ಸ್ಟ್ ಅಬ್ಬೆ 1873ರಲ್ಲಿಯೇ ವಿವರಿಸಿದ್ದಾರೆ. ನಿಮ್ಮಲ್ಲಿರುವ ಸಾಮಾನ್ಯ 40 ಪಟ್ಟಿನ ವಸ್ತುಮಸೂರ ಸುಮಾರು ಅರ್ಧ ಮೈಕ್ರಾನಿನವರೆಗೆ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ), ಎಣ್ಣೆಹನಿಯೊಂದಿಗೆ ಬಳಸುವ 100 ಪಟ್ಟಿನದು ಸುಮಾರು ಕಾಲು ಮೈಕ್ರಾನಿನವರೆಗೆ ಬಿಡಿಸಿ ತೋರಿಸಬಲ್ಲದು. ಮೈಟೋಕಾಂಡ್ರಿಯಾದ ಅಗಲವೇ ಅರ್ಧದಿಂದ ಒಂದು ಮೈಕ್ರಾನ್. ಅಂದರೆ ಅದು ಎಲ್ಲೆಯ ಅಂಚಿನಲ್ಲಿದೆ, ಪೂರ್ತಿ ಆಚೆಗಿಲ್ಲ. ಹಾಗಿದ್ದೂ ಕಾಣದಿರುವುದಕ್ಕೆ ಇನ್ನೊಂದು ಕಾರಣವಿದೆ, ಹೆಚ್ಚಿನವರು ಗಮನಿಸದಿರುವುದು ಅದನ್ನೇ: ಕಾಣಬೇಕಾದರೆ ಗಾತ್ರವೊಂದೇ ಸಾಲದು, ಸುತ್ತಲಿನದಕ್ಕಿಂತ ಬೇರೆಯಾಗಿ ತೋರಬೇಕು.

ನಮ್ಮ ಕಡೆ ರೇಷ್ಮೆಹುಳುವಿನ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಗಳಲ್ಲಿ ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು, ಆ ರಸದ ಹನಿಯನ್ನು ಸುಮಾರು 600 ಪಟ್ಟು ಹಿಗ್ಗಿಸಿ, ರೇಷ್ಮೆಹುಳುವಿಗೆ ಬರುವ ಗಂಟುರೋಗದ ಬೀಜಕಣಗಳಿವೆಯೇ ಎಂದು ಪರೀಕ್ಷಿಸುತ್ತಾರೆ. ಲೂಯಿ ಪಾಶ್ಚರ್ 1860ರ ದಶಕದಲ್ಲಿ ಫ್ರಾನ್ಸಿನ ರೇಷ್ಮೆ ಬೆಳೆಗಾರರಿಗೆ ರೂಪಿಸಿಕೊಟ್ಟ ವಿಧಾನವಿದು. ಮೂರು ನಾಲ್ಕು ಮೈಕ್ರಾನ್ ಉದ್ದದ ಆ ಅಂಡಾಕಾರದ ಕಣಗಳಿಗೆ ಬಣ್ಣ ಹಾಕುವ ಅಗತ್ಯವೂ ಇಲ್ಲ, ಏಕೆಂದರೆ ಅವು ಸುತ್ತಲಿನ ದ್ರವಕ್ಕಿಂತ ಬೆಳಕನ್ನು ಹೆಚ್ಚು ಬಾಗಿಸಿ ಹೊಳೆಯುತ್ತವೆ. ರೇಷ್ಮೆಹುಳುವಿನ ಇನ್ನೊಂದು ರೋಗವಾದ ಹಾಲುತೊಂಡೆಯದ್ದು ಬೇರೆಯೇ ಕಥೆ: ಅದನ್ನು ಉಂಟುಮಾಡುವ ವೈರಸ್ಸುಗಳನ್ನು ಒಳಗಿಟ್ಟುಕೊಂಡ ಹರಳುಗಳು ಇದೇ ಉಪಕರಣದಲ್ಲಿ ಕಾಣುತ್ತವೆ, ಆದರೆ ಸುಮಾರು 80 ನ್ಯಾನೋಮೀಟರ್ (0.08 ಮೈಕ್ರಾನ್) ದಪ್ಪದ ವೈರಸ್ಸನ್ನು ಯಾವ ನೇತ್ರಮಸೂರ ಹಾಕಿದರೂ ಬಿಡಿಸಿ ನೋಡಲಾಗದು, ಅದಕ್ಕೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು.

ಮೈಟೋಕಾಂಡ್ರಿಯಾಕ್ಕೆ ಆ ಹೊಳಪಿಲ್ಲ. ಅದು ಕೋಶದ್ರವ್ಯದಷ್ಟೇ ಪಾರದರ್ಶಕ. ಮೇಲಾಗಿ ಈರುಳ್ಳಿಯ ಕೋಶದ ಬಹುಪಾಲನ್ನು ರಸ ತುಂಬಿದ ಚೀಲವಾದ ರಸದಾನಿ ಆಕ್ರಮಿಸಿಕೊಂಡಿರುವುದರಿಂದ, ಕೋಶಭಿತ್ತಿಗೆ ಒತ್ತಿಕೊಂಡ ತೆಳುವಾದ ಕೋಶದ್ರವ್ಯದ ಪದರದಲ್ಲಿಯೇ ಅದನ್ನು ಹುಡುಕಬೇಕು. ನೀವು ಹಾಕಿದ್ದು ಅಯೋಡಿನ್ ಆಗಿದ್ದರೆ ಅದು ಕೋಶಕೇಂದ್ರಕ್ಕೆ ಬಣ್ಣ ಕೊಟ್ಟು ಕೋಶವನ್ನೇ ಕೊಂದಿರುತ್ತದೆ.

ಹೊಸ ಪೊರೆಯೊಂದನ್ನು ತೆಗೆದು, ಅಯೋಡಿನ್ ಬದಲು ಜೇನಸ್ ಗ್ರೀನ್ ಬಿ ಎಂಬ ಬಣ್ಣದ ಅತಿ ತೆಳು ದ್ರಾವಣ ಹಾಕಿ, ಕೋಶ ಜೀವಂತವಾಗಿರುವಾಗಲೇ ಎಣ್ಣೆಹನಿಯ ಮಸೂರದಲ್ಲಿ ನೋಡಿ. ಉಸಿರಾಟದ ಕೊನೆಯ ಹಂತವನ್ನು ನಡೆಸುವ ಕಿಣ್ವ ಮೈಟೋಕಾಂಡ್ರಿಯಾದಲ್ಲಿರುವುದರಿಂದ ಬಣ್ಣವು ಅಲ್ಲಿ ಉತ್ಕರ್ಷಿತ ಸ್ಥಿತಿಯಲ್ಲಿಯೇ ಉಳಿದು ನೀಲಿ ಹಸಿರಾಗಿ ಕಾಣುತ್ತದೆ; ಸುತ್ತಲಿನ ಕೋಶದ್ರವ್ಯದಲ್ಲಿ ಅಪಕರ್ಷಣೆಗೊಂಡು ಮಾಸಿಹೋಗುತ್ತದೆ. ಪುಸ್ತಕದ ಚಿತ್ರದಲ್ಲಿರುವ ಒಳಮಡಿಕೆಗಳನ್ನು ಮಾತ್ರ ನಿರೀಕ್ಷಿಸಬೇಡಿ; ನಿಮಗೆ ಸಿಗುವುದು ಸಣ್ಣ ಚುಕ್ಕೆಗಳು, ಅಲ್ಲೊಂದು ಇಲ್ಲೊಂದು ಗಿಡ್ಡ ಎಳೆ.