ಆ ಮಾತ್ರೆಯ ಹೆಸರು ರಿಪೋರ್ಟಿನಲ್ಲಿ ಯಾಕಿಲ್ಲ?

ಪ್ರಶ್ನೆ: ಅಮ್ಮನಿಗೆ 68 ವರ್ಷ. ಉರಿಮೂತ್ರ ಅಂತ ಮೆಡಿಕಲ್ ಶಾಪಿನಲ್ಲಿ ಕೇಳಿ ಸೆಫಿಕ್ಸಿಮ್ ತಂದು ಐದು ದಿನ ಕೊಟ್ಟೆ. ಕಡಿಮೆಯಾಗಲಿಲ್ಲ. ಡಾಕ್ಟರು ಯೂರಿನ್ ಕಲ್ಚರ್ (ಮೂತ್ರದಲ್ಲಿರುವ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಬರೆದರು. ರಿಪೋರ್ಟಿಗೆ ಮೂರು ದಿನ ಹಿಡಿಯಿತು. ‘ಎಂಟೆರೊಕಾಕಸ್ ಫೀಕಾಲಿಸ್’ ಅಂತಿದೆ. ಆಂಪಿಸಿಲಿನ್, ನೈಟ್ರೊಫ್ಯುರಾಂಟಾಯಿನ್, ವ್ಯಾಂಕೊಮೈಸಿನ್ ಮೂರರ ಮುಂದೆಯೂ ‘ಎಸ್’ (ಅಂದರೆ ನಾಟುತ್ತದೆ) ಇದೆ. ಸೆಫಿಕ್ಸಿಮ್ ಹೆಸರೇ ಇಲ್ಲ. ಲ್ಯಾಬಿನವರು ಮರೆತರಾ? ವ್ಯಾಂಕೊಮೈಸಿನ್ ಜೋರಾದ ಔಷಧಿಯಂತೆ. ಅದನ್ನೇ ಕೊಡಿಸಿದರೆ ಬೇಗ ಗುಣವಾಗಲ್ವಾ?
– ಓದುಗರೊಬ್ಬರು, ಹನುಮಂತನಗರ, ಬೆಂಗಳೂರು

ಉತ್ತರ: ಮರೆತಿಲ್ಲ, ಗೊತ್ತಿದ್ದೇ ಬಿಟ್ಟಿದ್ದಾರೆ. ‘ಸೆಫ್’ ಅಂತ ಶುರುವಾಗುವ ಔಷಧಿಗಳು ಸಾಮಾನ್ಯವಾಗಿ ಎಂಟೆರೊಕಾಕಸ್ ಅನ್ನುವ ಈ ಬ್ಯಾಕ್ಟೀರಿಯಾಕ್ಕೆ ನಾಟುವುದಿಲ್ಲ. ಇದು ಅದರ ಹುಟ್ಟುಗುಣ. ಲ್ಯಾಬಿನ ತಟ್ಟೆಯಲ್ಲಿ ಕೆಲವೊಮ್ಮೆ ನಾಟಿದ ಹಾಗೆ ಕಂಡರೂ ರೋಗಿಯ ಮೈಯಲ್ಲಿ ಕೆಲಸ ಮಾಡುವುದಿಲ್ಲ. ಅದಕ್ಕೇ ಆ ಹೆಸರನ್ನು ರಿಪೋರ್ಟಿಗೆ ಹಾಕುವುದಿಲ್ಲ. ಐದು ದಿನ ಅಮ್ಮ ನುಂಗಿದ ಮಾತ್ರೆ ಈ ಬ್ಯಾಕ್ಟೀರಿಯಾವನ್ನು ಮುಟ್ಟಲೇ ಇಲ್ಲ ಅನ್ನಿಸುತ್ತದೆ. ಸೆಫಿಕ್ಸಿಮ್ 2014ರಿಂದ ಎಚ್1 ಪಟ್ಟಿಯಲ್ಲಿದೆ. ಚೀಟಿ ಇಲ್ಲದೆ ಮಾರುವ ಹಾಗಿಲ್ಲ. ದಯವಿಟ್ಟು ಇನ್ನೊಮ್ಮೆ ಹಾಗೆ ತರಬೇಡಿ.

ಇನ್ನು ಮೂರು ದಿನದ ಮಾತು. ಈ ಊರಿನಲ್ಲೇ 27 ವರ್ಷ ಕಲ್ಚರ್ ಬೆಂಚಿನ ಮುಂದೆ ಕೂತವಳು ನಾನು. ಮೊದಲ ದಿನ ಮೂತ್ರವನ್ನು ತಟ್ಟೆಯ ಮೇಲೆ ಗೀರಿ ಬೆಳೆಯಲು ಬಿಡುತ್ತೇವೆ. ಮಾರನೇ ದಿನ ಗುರುತು ಹಿಡಿಯುವ ಕೆಲಸ. ಗ್ರಾಂ ಬಣ್ಣ ಹಾಕಿದರೆ ನೇರಳೆ ಕಾಳುಗಳು ಜೋಡಿ ಜೋಡಿಯಾಗಿ ಕಾಣುತ್ತವೆ. ಹೈಡ್ರೋಜನ್ ಪೆರಾಕ್ಸೈಡ್ ಹನಿ ಬಿಟ್ಟರೆ ನೊರೆ ಬರುವುದಿಲ್ಲ. ಶೇ. 6.5 ಉಪ್ಪಿನ ನೀರಿನಲ್ಲೂ ಬೆಳೆಯುತ್ತದೆ. ಅಂದರೆ ಸಮುದ್ರದ ನೀರಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಉಪ್ಪು! ನನಗೆ ಇಷ್ಟವಾದದ್ದು ಬೈಲ್ ಎಸ್ಕ್ಯುಲಿನ್ ಅನ್ನುವ ಪರೀಕ್ಷೆ. ಸಂಜೆ ಇಟ್ಟ ಮೀಡಿಯಾ (ಬ್ಯಾಕ್ಟೀರಿಯಾ ಬೆಳೆಯಲು ಕೊಡುವ ಆಹಾರ) ಬೆಳಿಗ್ಗೆ ಇನ್‌ಕ್ಯುಬೇಟರ್ ಬಾಗಿಲು ತೆಗೆದಾಗ ಕಾಡಿಗೆಯ ಹಾಗೆ ಕಪ್ಪಾಗಿರುತ್ತದೆ. ಈಗ ದೊಡ್ಡ ಲ್ಯಾಬುಗಳಲ್ಲಿ ಮೆಷಿನ್ನು ನಿಮಿಷಗಳಲ್ಲಿ ಹೆಸರು ಹೇಳುತ್ತದೆ. ಆದರೂ ಬ್ಯಾಕ್ಟೀರಿಯಾ ಮೊದಲು ಬೆಳೆಯಬೇಕಲ್ವಾ?

ಔಷಧಿ ಪರೀಕ್ಷೆಗೆ ಇನ್ನೊಂದು ದಿನ ಬೇಕು. ತಟ್ಟೆ ತುಂಬ ಬ್ಯಾಕ್ಟೀರಿಯಾ ಹರಡಿ, ಮೇಲೆ ಔಷಧಿ ಹಚ್ಚಿದ ಪುಟ್ಟ ಕಾಗದದ ಬಿಲ್ಲೆಗಳನ್ನು ಇಡುತ್ತೇವೆ. ಔಷಧಿ ನಾಟಿದರೆ ಬಿಲ್ಲೆಯ ಸುತ್ತ ತಿಳಿಯಾದ ವೃತ್ತ ಬಿಡುತ್ತದೆ. ವ್ಯಾಂಕೊಮೈಸಿನ್‌ಗೆ ಆ ವೃತ್ತ 17 ಮಿ.ಮೀ. ಅಥವಾ ಜಾಸ್ತಿ ಇದ್ದರೆ ‘ಎಸ್’. 14 ಅಥವಾ ಕಡಿಮೆ ಇದ್ದರೆ ‘ಆರ್’, ಅಂದರೆ ನಾಟುವುದಿಲ್ಲ. ಅದನ್ನು ಪೂರ್ತಿ 24 ಗಂಟೆ ಆದಮೇಲೇ ಅಳೆಯಬೇಕು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಐಸಿಯು ರೋಗಿಯೊಬ್ಬರ ರಕ್ತದ ಕಲ್ಚರ್ ಬಂದಿತ್ತು. 18 ಗಂಟೆಗೇ ತಟ್ಟೆ ತೆಗೆದೆ. ವೃತ್ತ ಚೆನ್ನಾಗಿ ಬಿಟ್ಟಿತ್ತು. ‘ಎಸ್’ ಬರೆಯಲು ಪೆನ್ನು ತೆಗೆದಾಗ ನಮ್ಮ ಹಿರಿಯ ಮೇಡಂ, “ಒಳಗಿಡಮ್ಮ, ಇನ್ನೂ ಹೊತ್ತಾಗಿಲ್ಲ” ಅಂದರು. ಹೊತ್ತು ತುಂಬಿದ ಮೇಲೆ ತಟ್ಟೆಯನ್ನು ಟ್ಯೂಬ್‌ಲೈಟಿಗೆ ಹಿಡಿದೆವು. ತಿಳಿಯಾಗಿದ್ದ ವೃತ್ತದೊಳಗೆ ಸೂಜಿಮೊನೆಯಷ್ಟು ನಾಲ್ಕು ಚುಕ್ಕೆಗಳು, ಅಂದರೆ ಔಷಧಿ ಇದ್ದಲ್ಲೂ ಬ್ಯಾಕ್ಟೀರಿಯಾ ಬೆಳೆದಿತ್ತು. ಮತ್ತೆ ಪರೀಕ್ಷೆ ಮಾಡಿದಾಗ ಅದು ವ್ಯಾಂಕೊಮೈಸಿನ್‌ಗೆ ಬಗ್ಗದ್ದು ಅಂತ ಖಚಿತವಾಯಿತು. ನಾನು ಆತುರ ಪಟ್ಟಿದ್ದರೆ ಆ ರೋಗಿಗೆ ನಾಟದ ಔಷಧಿ ಹೋಗುತ್ತಿತ್ತು. ಆ ನಾಲ್ಕು ಚುಕ್ಕೆ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಹೀಗೆ ಬಗ್ಗದ ಎಂಟೆರೊಕಾಕಸ್‌ಗಳ ಸುದ್ದಿ ಯೂರೋಪಿನಿಂದ ಮೊದಲು ಬಂದದ್ದು 1988ರಲ್ಲಿ. ಇವುಗಳಲ್ಲಿ ಹೆಚ್ಚಿನವು ಫೀಸಿಯಂ ಅನ್ನುವ ಜಾತಿಯವು. ಅದಕ್ಕೆ ಆಂಪಿಸಿಲಿನ್ ಕೂಡ ಸಾಮಾನ್ಯವಾಗಿ ನಾಟುವುದಿಲ್ಲ. ನಿಮ್ಮಮ್ಮನದು ಫೀಕಾಲಿಸ್, ಆಂಪಿಸಿಲಿನ್ ‘ಎಸ್’ ಇದೆ. ಇದು ಒಳ್ಳೆಯ ಸುದ್ದಿ. ಸುಮ್ನೆ ವ್ಯಾಂಕೊಮೈಸಿನ್ ಕೇಳಬೇಡಿ. ಅದನ್ನು ರಕ್ತನಾಳಕ್ಕೆ ಡ್ರಿಪ್ ಹಾಕಿ ಕೊಡಬೇಕು, ಕಿಡ್ನಿಗೂ ತೊಂದರೆ ಆಗಬಹುದು. ಬೇರೆ ದಾರಿ ಇಲ್ಲದವರಿಗೆ ಅದು ಉಳಿಯಲಿ.

ಅಮ್ಮನಿಗೆ ಚಳಿಜ್ವರ ಅಥವಾ ಪಕ್ಕೆನೋವು ಇದ್ದರೆ ಡಾಕ್ಟರಿಗೆ ಇವತ್ತೇ ಹೇಳಿ. ನೈಟ್ರೊಫ್ಯುರಾಂಟಾಯಿನ್ ಮೂತ್ರಚೀಲದ ಸೋಂಕಿಗೆ ಸರಿ, ಕಿಡ್ನಿಗೆ ಏರಿದ ಸೋಂಕಿಗೆ ಸಾಲದು. ಈ ವಯಸ್ಸಿನಲ್ಲಿ ಅದನ್ನು ಕೊಡುವ ಮೊದಲು ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತಿಳಿಸುವ ರಕ್ತಪರೀಕ್ಷೆ) ಕೂಡ ನೋಡುತ್ತಾರೆ. ಮುಂದೆ ಎಂದಾದರೂ ಕಲ್ಚರ್ ಕೊಡಬೇಕಾದರೆ ಆಂಟಿಬಯಾಟಿಕ್ ಶುರು ಮಾಡುವ ಮೊದಲೇ ಕೊಡಿ. ಡಬ್ಬಿಯನ್ನು ಎರಡು ಗಂಟೆಯೊಳಗೆ ಲ್ಯಾಬಿಗೆ ಮುಟ್ಟಿಸಿ. ಟ್ರಾಫಿಕ್ಕಿನಲ್ಲಿ ಅದು ಆಗದು ಅನ್ನಿಸಿದರೆ ಅಲ್ಲಿಯವರೆಗೆ ಫ್ರಿಜ್ಜಿನಲ್ಲಿಡಿ.