ಮುಂಬೈಯಲ್ಲಿ ಗ್ಯಾಂಗ್‌ಗಳು ಬೆಳೆದದ್ದು ಪೊಲೀಸರು ಸಡಿಲ ಬಿಟ್ಟಿದ್ದರಿಂದಲೇ?

ಮುಂಬೈ ಭೂಗತ ಲೋಕ ಬೆಳೆದದ್ದು ಪೊಲೀಸರ ಮೆತ್ತನೆಯ ಕೈಯಿಂದ, ಸರ್ಕಾರದ ನೀತಿಗೂ ಅದಕ್ಕೂ ಏನು ಸಂಬಂಧ ಅಂತ ಕೇಳಿದ್ದೀರಿ. ಪೊಲೀಸರ ಪಾಲು ಇದ್ದೇ ಇದೆ, ಹಫ್ತಾ ತಿಂದವರು ಕಡಿಮೆಯೇನಲ್ಲ. ಆದರೆ ಹಫ್ತಾ ಕೊಡುವಷ್ಟು ದುಡ್ಡು ಗ್ಯಾಂಗಿನವರಿಗೆ ಎಲ್ಲಿಂದ ಬಂತು? ಅದನ್ನು ಕೆದಕಿದರೆ ಒಂದೊಂದು ದಂಧೆಯ ಹಿಂದೆಯೂ ಒಂದು ಕಾಯ್ದೆ ಸಿಗುತ್ತದೆ.

1949ರಲ್ಲಿ ಪಾನನಿಷೇಧ ಕಾಯ್ದೆ ಬಂತು. ಕುಡಿಯುವವರು ಬಿಡಲಿಲ್ಲ. ಧಾರಾವಿ ಕಡೆ ಬೆಲ್ಲ, ನವಸಾಗರ (ಒಂದು ಬಗೆಯ ರಾಸಾಯನಿಕ ಉಪ್ಪು) ಹಾಕಿ ಕಳ್ಳಭಟ್ಟಿ ಇಳಿಸುವುದು ದೊಡ್ಡ ವ್ಯಾಪಾರವಾಯಿತು. ಮುಂದೆ ಭೂಗತ ಲೋಕದ ದೊರೆಯಾದ ವರದರಾಜನ್ ಮುದಲಿಯಾರ್ ತಲೆ ಎತ್ತಿದ್ದು ಅದರಲ್ಲೇ. ಚಿನ್ನದ ಕತೆಯೂ ಹಾಗೇ. ಆಮದು ಬಂದ್, ಮೇಲೆ 1968ರ ಚಿನ್ನ ನಿಯಂತ್ರಣ ಕಾಯ್ದೆ. ಚಿನ್ನವಿಲ್ಲದೆ ಮಗಳ ಮದುವೆ ಮಾಡುವ ಮನೆ ಎಲ್ಲಿತ್ತು? ಹತ್ತು ತೊಲೆಯ ಬಿಸ್ಕತ್ತುಗಳನ್ನು ಜಾಕೆಟ್ಟಿನ ಸಣ್ಣ ಸಣ್ಣ ಜೇಬುಗಳಲ್ಲಿ ತುಂಬಿ ದುಬೈಯಿಂದ ದೋಣಿಯಲ್ಲಿ ಇಳಿಸುತ್ತಿದ್ದರು. ಅಲ್ಲಿನ ದರಕ್ಕೂ ಮುಂಬೈಯ ಚಿನ್ನದ ಪೇಟೆಯಾದ ಝವೇರಿ ಬಜಾರಿನ ದರಕ್ಕೂ ಇದ್ದ ಅಂತರವೇ ಕಳ್ಳಸಾಗಣೆದಾರರ ಬಂಡವಾಳ. 1990ರಲ್ಲಿ ಆ ಕಾಯ್ದೆ ರದ್ದಾಯಿತು, 1992ರಲ್ಲಿ ಅನಿವಾಸಿಗಳು ಸುಂಕ ಕಟ್ಟಿ 5 ಕಿಲೋವರೆಗೆ ತರಬಹುದು ಎಂದಾಯಿತು. ಹಳೆಯ ಲಾಭ ಕರಗಿತು. (2013ರಲ್ಲಿ ಸುಂಕ ಶೇ 10ಕ್ಕೆ ಏರಿದ ಮೇಲೆ ನಮ್ಮ ಮಂಗಳೂರು ವಿಮಾನ ನಿಲ್ದಾಣದಲ್ಲಿ ಚಿನ್ನ ಸಿಕ್ಕಿಬೀಳುವುದು ಮಾಮೂಲಿ ಸುದ್ದಿಯಾದದ್ದನ್ನು ನೀವೂ ಓದಿರುತ್ತೀರಿ.)

ನನ್ನನ್ನು ಹೆಚ್ಚು ಕಾಡುವುದು ಬಟ್ಟೆ ಗಿರಣಿಗಳ ಕತೆ. 1946ರ ಬಾಂಬೆ ಕೈಗಾರಿಕಾ ಸಂಬಂಧಗಳ ಕಾಯ್ದೆ ಪ್ರಕಾರ ಮಾನ್ಯತೆ ಒಂದೇ ಯೂನಿಯನ್‌ಗೆ, ಮಾತುಕತೆಯೂ ಅದರ ಜೊತೆಗೇ. 1982ರ ಜನವರಿ 18ರಂದು ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕಾರ್ಮಿಕ ನಾಯಕ ದತ್ತಾ ಸಾಮಂತರನ್ನು ನಂಬಿ ಮುಷ್ಕರಕ್ಕಿಳಿದರು. ಅವರ ಯೂನಿಯನ್‌ಗೆ ಮಾನ್ಯತೆ ಇರಲಿಲ್ಲ, ಕಾಯ್ದೆ ಬದಲಿಸಲು ಸರ್ಕಾರ ಒಪ್ಪಲಿಲ್ಲ. ಅಷ್ಟು ಜನರ ಹೊಟ್ಟೆಪಾಡಿಗಿಂತ ಒಂದು ಸೆಕ್ಷನ್ ದೊಡ್ಡದಾಯಿತಲ್ಲ ಅಂತ ಈಗಲೂ ಸಂಕಟವಾಗುತ್ತದೆ. ಮುಷ್ಕರ ಹಿಂತೆಗೆದುಕೊಂಡೆವು ಎಂದು ಯಾರೂ ಘೋಷಿಸಲೇ ಇಲ್ಲ. ಮುಂಬೈಯ ಲಾಲ್‌ಬಾಗ್, ಪರೇಲಿನ ಚಾಳುಗಳಲ್ಲಿ (ಕಾರ್ಮಿಕರು ಒತ್ತೊತ್ತಾಗಿ ವಾಸಿಸುವ ಕಟ್ಟಡಗಳಲ್ಲಿ) ಸಂಬಳ ಮಾತ್ರ ನಿಂತುಹೋಯಿತು. ಅಪ್ಪನ ಜಾಗಕ್ಕೆ ಗಿರಣಿ ಸೇರಬೇಕಿದ್ದ ಹುಡುಗರು ಗಲ್ಲಿಯಲ್ಲಿ ಉಳಿದರು. ಗ್ಯಾಂಗ್ ನಾಯಕ ಅರುಣ್ ಗವಳಿಯ ನೆಲೆಯಾದ ದಗಡೀ ಚಾಳ್ ಇರುವುದೂ ಅದೇ ಗಿರಣಿಗಳ ಸೀಮೆಯಲ್ಲಿ.

1991ರ ನಗರಾಭಿವೃದ್ಧಿ ನಿಯಮ ಗಿರಣಿ ಜಮೀನನ್ನು ಬೇರೆ ಬಳಕೆಗೆ ಬಿಟ್ಟಿತು. ಬಟ್ಟೆಗಿಂತ ನೆಲಕ್ಕೆ ಬೆಲೆ ಬಂತು, ಕಾರ್ಮಿಕರನ್ನು ಒಪ್ಪಿಸಲು, ಹೆದರಿಸಲು ತೋಳ್ಬಲದವರಿಗೂ ಬೆಲೆ ಬಂತು. 1994ರಲ್ಲಿ ಖಟಾವ್ ಗಿರಣಿಯ ಮಾಲೀಕ ಸುನೀತ್ ಖಟಾವ್, 1997ರಲ್ಲಿ ಸಾಮಂತರೇ ಗುಂಡಿಗೆ ಬಲಿಯಾದರು.

ಚಿನ್ನದ ಲಾಭ ಹೋದ ಮೇಲೂ ಗ್ಯಾಂಗುಗಳ ಬಂದೂಕುಗಳು ಹಾಗೇ ಇದ್ದವಲ್ಲ! ಬಿಲ್ಡರುಗಳಿಗೆ, ನಮ್ಮ ಕರಾವಳಿಯ ಹೋಟೆಲಿನವರಿಗೆ ಇಷ್ಟು ಪೇಟಿ (ಲಕ್ಷ), ಅಷ್ಟು ಖೋಕಾ (ಕೋಟಿ) ಕೊಡಿ ಅಂತ ಫೋನು ಬರತೊಡಗಿತು. ಸಿನಿಮಾಕ್ಕೆ 1998ರವರೆಗೆ ಉದ್ಯಮದ ಮಾನ್ಯತೆ ಇರಲಿಲ್ಲ. ಬ್ಯಾಂಕ್ ಸಾಲ ಸಿಗದ ನಿರ್ಮಾಪಕರಲ್ಲಿ ಕೆಲವರು ಭೂಗತ ದುಡ್ಡಿಗೆ ಕೈಚಾಚಿದರು. ಸಂಘಟಿತ ಅಪರಾಧ ತಡೆಯುವ 1999ರ ಮಕೋಕಾ ಕಾಯ್ದೆ, ಎನ್‌ಕೌಂಟರ್‌ಗಳು ಗ್ಯಾಂಗುಗಳನ್ನು ಕುಗ್ಗಿಸಿದ್ದು ನಿಜ. ಆದರೆ ಚಿನ್ನದ ಆಮದು ಸಡಿಲವಾಗದೆ, ಸಿನಿಮಾಕ್ಕೆ ಸಾಲ ಸಿಗದೆ ಬರೀ ಗುಂಡಿನಿಂದ ಅಷ್ಟು ಆಗುತ್ತಿತ್ತು ಅಂತ ನನಗನ್ನಿಸುವುದಿಲ್ಲ.